ಗಾಲಿ ಇರುವ ಪಂಜರ

ಮಧುವನಹಳ್ಳಿ, ಕೊಳ್ಳೇಗಾಲ ತಾಲ್ಲೂಕು
11-1-2004, ಭಾನುವಾರ

ಪ್ರೀತಿಯ ಮಗಳು ಮಧುಶ್ರೀಗೆ,

ನಿನ್ನ ತಂದೆಯ ಮನಃಪೂರ್ವಕ ಆಶೀರ್ವಾದಗಳು. ‘ಇಲ್ಲಿ ನಾವೆಲ್ಲರೂ ಕ್ಷೇಮ’ ಎಂದು ಬರೆದು ಮುಂದಕ್ಕೆ ಹೋಗುವುದು ವಾಡಿಕೆ. ಈ ಬಾರಿ ಆ ವಾಕ್ಯವನ್ನು ಇಡಿಯಾಗಿ ಬರೆಯಲು ಕೈ ಒಪ್ಪದ ಕಾರಣ ಒಬ್ಬೊಬ್ಬರ ವಿಷಯವನ್ನೂ ಬಿಡಿಸಿ ತಿಳಿಸುತ್ತೇನೆ. ಮೊದಲು ನಿನ್ನದನ್ನು ಕೇಳಬೇಕು. ಕೆಮ್ಮು ಹೋಯಿತೇ? ಮಣಿಪಾಲದ ಆ ಬೆವರು ಹವೆಯಿಂದ ಬಂದು ಪ್ರಯೋಗಾಲಯದ ತಣ್ಣನೆಯ ಕೋಣೆಯಲ್ಲಿ ಕುಳಿತುಕೊಳ್ಳುತ್ತೀಯೆ. ತಲೆಗೆ ಏನಾದರೂ ಸುತ್ತಿಕೋ. ನಿನ್ನ ಅಣ್ಣ ಮಲ್ಲಿಕಾರ್ಜುನ ಚೆನ್ನಾಗಿದ್ದಾನೆ. ಈ ಬೆಳೆಯ ರೇಷ್ಮೆಹುಳುಗಳು ಚಳಿಗೆ ಸೊರಗದೆ ಗೂಡು ಕಟ್ಟಿವೆ. ನಿನ್ನ ತಾಯಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ ಎಂದೇ ಭಾವಿಸಿದ್ದೇನೆ. ಬೆಳಗಾದರೆ ಹಿಪ್ಪುನೇರಳೆ ತೋಟದ ತನಕ ಹೋಗಿ ಬರುತ್ತಿದ್ದವಳು, ಎಮ್ಮೆ ಈಯುವ ದಿನ ಹತ್ತಿರವಾಯಿತೆಂದು, ಈಗ ಕರುವನ್ನು ನೋಡಿಕೊಳ್ಳಬೇಕೆಂದು ಈಚೆಗೆ ಮನೆಯಲ್ಲೇ ಉಳಿದಿದ್ದಾಳೆ. ನನ್ನ ವಿಷಯ ದೀರ್ಘವಾದದ್ದು. ದೂರವಾಣಿ ನಡುಮನೆಯಲ್ಲಿದೆ, ಅದರಲ್ಲಿ ನಾನು ಏನು ಹೇಳಿದರೂ ಇಡೀ ಮನೆ ಕೇಳಿಸಿಕೊಂಡು ಕಣ್ಣೊರೆಸಿಕೊಳ್ಳುತ್ತದೆ. ಆದ್ದರಿಂದ ಪತ್ರ.

ಮೈಸೂರಿನಲ್ಲಿ ನನ್ನ ದೊಡ್ಡ ಕರುಳಿನ ಗಡ್ಡೆಯನ್ನು ತೆಗೆದು ಮನೆಗೆ ಕಳುಹಿಸಿದಾಗ ನೀನು ಇಲ್ಲಿಯೇ ಇದ್ದೆ. ನಿನ್ನ ರಜೆ ಮುಗಿದು ಅಣ್ಣ ನಿನ್ನನ್ನು ಬಸ್ಸು ಹತ್ತಿಸಿ ಬಂದ ದಿನ ನಡೆದದ್ದನ್ನು ನಿನಗೆ ಯಾರೂ ತಿಳಿಸಿಲ್ಲ. ನಿನ್ನ ತಾಯಿ ತಲೆಗೆ ನೀರು ಹಾಕಿಕೊಂಡು ದೇವರ ಮನೆಯಲ್ಲಿ ನಿಂತು, “ಮಾದಪ್ಪಾ, ಔಸ್ದಿಯೆಲ್ಲಾ ಮುಗ್ದು ಇವರ್ನ ನಿನ್ನ ಬೆಟ್ಟಕ್ಕೆ ಕರಕಂಡ್ ಬಂದು ಮುಡಿ ಕೊಡ್ಸೋಗಂಟ, ಇವರ ಪಾದ ನಮ್ಮನೆ ಹೊಸಿಲಾಚೆ ನೆಲ ಮುಟ್ಟಕಿಲ್ಲ ಕಣಪ್ಪಾ” ಎಂದು ಹರಕೆ ಹೊತ್ತಳು. ನಾನು ಮಂಚದ ಮೇಲಿಂದ ಕೇಳಿಸಿಕೊಂಡೆ. ಕಾಲು ನನ್ನದು, ಹರಕೆ ಅವಳದು. ಒಂದು ಮಾತು ನನ್ನನ್ನು ಕೇಳಬೇಡವೇ ಎಂದು ತರ್ಕಿಸಬಹುದಿತ್ತು. ಆದರೆ ಗಡ್ಡೆ ಎಂಬ ಮಾತು ಕೇಳಿದಂದಿನಿಂದ ಆಕೆ ನೆಟ್ಟಗೆ ಉಸಿರಾಡಿದ್ದು ಆ ಕ್ಷಣದಲ್ಲಿಯೇ. ಹರಕೆಯನ್ನು ಮೀರಿದ ಮೇಲೆ ನನಗೆ ಏನಾದರೂ ಆದರೆ, ಆ ಭಾರವನ್ನು ಅವಳು ಸಾಯುವ ತನಕ ಹೊರುತ್ತಾಳೆ. ಬೆಟ್ಟದ ತಪ್ಪಲಿನಲ್ಲಿ ಹುಟ್ಟಿ ಬೆಳೆದವರ ಮನೆಯಲ್ಲಿ ಮಾದಪ್ಪನ ಹರಕೆಯೆಂದರೆ ಏನೆಂಬುದು ನಿನಗೂ ಗೊತ್ತು.

ಹೊಸ್ತಿಲಿನ ಒಳಗಾದರೂ ಓಡಾಡಬಹುದಲ್ಲ ಎಂದು ನೀನು ಕೇಳುವೆ. ಅದಕ್ಕೆ ಅಡ್ಡಿಯಾದದ್ದು ಬ್ರೆಡ್ಡು. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಬರಬಾರದಷ್ಟೆ. ಬ್ರೆಡ್ಡು, ಕಿತ್ತಳೆಹಣ್ಣು, ಗ್ಲೂಕೋಸು ಬಿಸ್ಕತ್ತು. ಬಂದವರಿಗೆ ಕಾಣಲೆಂದು ನನ್ನ ಮಂಚವನ್ನು ತೊಟ್ಟಿಯ ಪಕ್ಕದ ಪಡಸಾಲೆಗೆ ಹಾಕಿದರು. ನನ್ನ ಹಳೆಯ ವಿದ್ಯಾರ್ಥಿಗಳು ಹನೂರಿನಿಂದ, ಲೊಕ್ಕನಹಳ್ಳಿಯಿಂದ, ಅಜ್ಜೀಪುರದಿಂದ ಬರುತ್ತಾರೆ. ಶಾಲೆಯ ಹೊರಗೆ ಎಂದೂ ನನ್ನೆದುರು ಕುಳಿತವರಲ್ಲ. ಈಗ ಸುತ್ತಲೂ ಕುಳಿತು ಸತ್ತ ಆನೆಯನ್ನು ನೋಡುವಂತೆ ನೋಡುತ್ತಾರೆ. ಅವರ ಮುಂದೆ ಎದ್ದು ಓಡಾಡಿದರೆ, “ಗಂಡನ್ನ ಇಂಥ ಟೇಮಲ್ಲೂ ನಡೆಸ್ತಾವ್ಳೆ” ಎಂಬ ಮಾತು ನಿನ್ನ ತಾಯಿಗೆ ಬರುತ್ತದೆ. ಅಲ್ಲದೆ, ಕದಲಿದರೆ ಒಳಗಿನ ಹುಣ್ಣು ಕದಡಿ ಮೈಯೆಲ್ಲ ಹರಡುತ್ತದೆ ಎಂದು ಊರಿಗೆ ಊರೇ ನಂಬಿದೆ. ಆದ್ದರಿಂದ ನಾನು ಮಲಗಿದೆ. ತೊಟ್ಟಿಯ ಮೇಲಿನ ಚೌಕಾಕಾರದ ಆಕಾಶದಲ್ಲಿ ಹದ್ದು ಹಾದುಹೋದರೆ ಅದೇ ಆ ದಿನದ ಸಮಾಚಾರ. ದಣಿವು ದುಡಿದವನಿಗೆ ಬರುವಂಥದ್ದು; ನಿದ್ರೆ ಮಾಡಿದರೆ ಹೋಗುವಂಥದ್ದು. ನನಗೆ ಬಂದದ್ದು ಅದಲ್ಲ, ಮಲಗಿದಷ್ಟೂ ಬೆಳೆಯುವಂಥದ್ದು. ಅದಕ್ಕೊಂದು ತಕ್ಕ ಕನ್ನಡ ಪದವನ್ನು ಹುಡುಕುತ್ತ ಮಲಗಿದ್ದೆ, ಸಿಗಲಿಲ್ಲ. ತೊಡೆಗಳು ನೋಡನೋಡುತ್ತಿದ್ದಂತೆ ಬಡಕಲಾದವು.

ಡಿಸೆಂಬರಿನಲ್ಲಿ, ಗಡ್ಡೆ ಮರಳದಿರಲೆಂದು ಕೊಡುವ ಔಷಧಿಯ ಎರಡನೆಯ ಸುತ್ತಿಗೆ ಮೈಸೂರಿಗೆ ಹೋಗಬೇಕಾಗಿತ್ತು. ಹರಕೆಯಂತೆ ಪಾದ ನೆಲ ಮುಟ್ಟಬಾರದಲ್ಲ. ನಿನ್ನ ಅಣ್ಣ ಮಲ್ಲಿಯೂ ವ್ಯಾನು ಓಡಿಸುವ ಮಾದಣ್ಣನೂ ನನ್ನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಸಮೇತ ಹೊಸ್ತಿಲು ದಾಟಿಸಿ ವ್ಯಾನಿಗೆ ಏರಿಸಿದರು. “ಮೇಷ್ಟ್ರೇ, ನೀವು ಇಸ್ಕೂಲಲ್ಲಿ ನನ್ನ ಬೆಂಚ್ ಮೇಲೆ ನಿಲ್ಲಿಸ್ತಿದ್ರಿ, ನಾನು ನಿಮ್ಮ ಕುರ್ಚಿ ಮೇಲೆ ಮೆರೆಸ್ತಾ ಇವ್ನಿ” ಎಂದು ಮಾದಣ್ಣ ನಕ್ಕ. ನಾನೂ ನಕ್ಕೆ. ಆದರೆ ಆಸ್ಪತ್ರೆಯಲ್ಲೂ ಅದೇ ಕುರ್ಚಿ, ಅದೇ ಮೆರವಣಿಗೆ. ನಿನ್ನ ತಾಯಿ ನನ್ನ ಚಪ್ಪಲಿಗಳನ್ನು ತೊಳೆದು, ಬಟ್ಟೆಯ ಚೀಲದಲ್ಲಿಟ್ಟು ಎದೆಗವಚಿಕೊಂಡು ಹಿಂದೆ ಬರುತ್ತಿದ್ದಳು. ವೈದ್ಯರು ಕನ್ನಡಕದ ಮೇಲಿಂದ ನೋಡಿ, ಎಷ್ಟು ದಿನಗಳಿಂದ ಹೀಗಿದ್ದಾರೆ ಎಂದು ಕೇಳಿದರು. ಮಲ್ಲಿ, “ಆಪ್ರೇಸನ್ ಆದಾಗಿಂದ್ಲೂ ಇಂಗೇಯ ಸಾ, ನೆಲಕ್ಕೆ ಕಾಲು ಇಡ್ಸಿಲ್ಲ” ಎಂದು ಹೆಮ್ಮೆಯಿಂದ ಹೇಳಿದ. ವೈದ್ಯರಿಗೆ ಅರ್ಥವಾದದ್ದು ಬೇರೆ. ನನ್ನ ತೊಡೆಯನ್ನು ಹಿಸುಕಿ ನೋಡಿ, ಮಂಚ ಹಿಡಿದ ದೇಹ ಈ ಔಷಧಿಯನ್ನು ತಾಳಲಾರದು, ಈ ಸುತ್ತನ್ನು ಮುಂದಕ್ಕೆ ಹಾಕುತ್ತೇನೆ; ಮುಂದಿನ ತಿಂಗಳು ಇವರೇ ನಡೆದು ಈ ಕೋಣೆಗೆ ಬಂದರೆ ಮುಂದುವರಿಸೋಣ, ಇಲ್ಲವಾದರೆ ಔಷಧಿಯನ್ನು ನಿಲ್ಲಿಸುವುದೇ ಲೇಸು ಎಂದರು. ಅವರ ನಿರ್ಣಯದಲ್ಲಿ ದೋಷವಿರಲಿಲ್ಲ. ಕಂಡದ್ದನ್ನು ಸರಿಯಾಗಿಯೇ ಓದಿದರು. ಇದು ಹರಕೆ, ನಿಶ್ಶಕ್ತಿಯಲ್ಲ ಎಂದು ಹೇಳಲು ಬಾಯಿ ತೆರೆದೆ. ಚಪ್ಪಲಿಯ ಚೀಲವನ್ನು ಹಿಡಿದ ಆ ಕೈಗಳನ್ನು ಕಂಡು ಬಾಯಿ ಮುಚ್ಚಿದೆ. ನಡೆಯಬಾರದೆಂದು ಮಲಗಿಸಿದರು; ಮಲಗಿದ್ದರಿಂದ ನಡೆಯಲಾರದವನಾದೆ; ನಡೆಯಲಾರದವನಿಗೆ ಔಷಧಿಯಿಲ್ಲ. ಈ ವೃತ್ತಕ್ಕೆ ಬಾಗಿಲು ಎಲ್ಲಿದೆಯೆಂದು ಹಿಂದಿರುಗುವಾಗ ವ್ಯಾನಿನಲ್ಲಿ ದಾರಿಯುದ್ದಕ್ಕೂ ಹುಡುಕಿದೆ.

ಅನಂತರವೇ ನಾನು ನಿನಗೆ ಬರೆದು ಕೇಳಿದ್ದು: ನಿಶ್ಚಲವಾದ ದೇಹದಲ್ಲಿಯೂ ಚಲಿಸುವ ದೇಹದಲ್ಲಿಯೂ ಈ ರೋಗ ಒಂದೇ ರೀತಿ ನಡೆದುಕೊಳ್ಳುತ್ತದೆಯೇ, ನಿನ್ನ ಇಲಿಗಳು ಏನು ಹೇಳುತ್ತವೆ ಎಂದು. ನೀನು ಬರೆದ ಉತ್ತರವನ್ನು ಪಾಠದಂತೆ ಮನನ ಮಾಡಿದ್ದೇನೆ. ಒಂದೇ ಬಗೆಯ ಗಡ್ಡೆಯ ಕೋಶಗಳನ್ನು ಎರಡು ಪಂಜರದ ಇಲಿಗಳಿಗೂ ಚುಚ್ಚುತ್ತೀರಿ. ಒಂದರಲ್ಲಿ ಗಾಲಿ ಇದೆ, ಇನ್ನೊಂದರಲ್ಲಿ ಇಲ್ಲ. ಗಾಲಿಯಲ್ಲಿ ಓಡುವ ಇಲಿಗಳಲ್ಲಿ ಹಲವಕ್ಕೆ ಗಡ್ಡೆ ನಿಧಾನವಾಗಿ ಬೆಳೆಯುತ್ತದೆ. ‘ಎಲ್ಲಕ್ಕೂ ಅಲ್ಲ ಅಪ್ಪಾಜಿ, ಮತ್ತು ಇದು ಇಲಿಗಳ ಮಾತು, ಮನುಷ್ಯರಲ್ಲಿ ಗಡ್ಡೆ ಕುಗ್ಗುತ್ತದೆಂದು ಇನ್ನೂ ಸಾಬೀತಾಗಿಲ್ಲ. ನಡೆದರೆ ನಿಮ್ಮ ಈ ಬಗೆಯ ಆಯಾಸ ಕಡಿಮೆಯಾಗುವುದಂತೂ ಮನುಷ್ಯರಲ್ಲಿಯೇ ಕಂಡಿದೆ’ ಎಂದು ನೀನು ಎಚ್ಚರಿಕೆಯಿಂದ ಬರೆದದ್ದು ನನಗೆ ಬಹಳ ಹಿಡಿಸಿತು. ತಿಳಿದದ್ದನ್ನು ಹೇಳುವುದಕ್ಕಿಂತ ತಿಳಿಯದ್ದರ ಗಡಿಯನ್ನು ಗುರುತಿಸುವುದು ಕಷ್ಟ. ಗಡ್ಡೆಯ ಕೋಶಗಳನ್ನು ಹುಡುಕಿ ಕೊಲ್ಲುವ ರಕ್ತದ ಕೋಶಗಳಿಗೆ ನೀನು ಬಳಸಿದ ‘ಕೊಲೆಗಡುಕ ಕೋಶ’ ಎಂಬ ಮಾತು ಮಾತ್ರ ಪತ್ರಿಕೆಯ ಅಪರಾಧ ಸುದ್ದಿಯಂತಿದೆ. ‘ಸಹಜ ಹಂತಕ ಕೋಶ’ ಎನ್ನು.

ನಿನ್ನ ತಾಯಿ ಮಂಚದ ಪಕ್ಕದಲ್ಲಿ ಕುಳಿತು ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದಾಗ ಅವಳಿಗೆ ಈ ಪಾಠ ಮಾಡಿದೆ. ಕೆಲಸ ಮಾಡುವ ಮಾಂಸಖಂಡ ರಕ್ತದಲ್ಲಿನ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಆಗ ದೇಹಕ್ಕೆ ಹೆಚ್ಚು ಇನ್ಸುಲಿನ್ ಬೇಕಾಗುವುದಿಲ್ಲ. ಇನ್ಸುಲಿನ್ ಎಂಬುದು ಸಕ್ಕರೆಯನ್ನು ಹಂಚುವುದರ ಜೊತೆಗೆ ಕೋಶಗಳಿಗೆ ‘ಬೆಳೆ, ಬೆಳೆ’ ಎಂದು ಹೇಳುವ ಕುಮ್ಮಕ್ಕೂ ಹೌದು; ಕೆಟ್ಟ ಕೋಶಕ್ಕೆ ಆ ಮಾತು ಹೆಚ್ಚು ಕೇಳಿಸದಿದ್ದರೆ ಒಳ್ಳೆಯದು. ಇನ್ನು ಆ ಹಂತಕ ಕೋಶಗಳು ಹೊಟ್ಟೆಯ ಎಡಗಡೆಯ ಗುಲ್ಮದಲ್ಲಿಯೂ ರಕ್ತನಾಳಗಳ ಗೋಡೆಯಲ್ಲಿಯೂ ಒರಗಿಕೊಂಡಿರುತ್ತವೆ, ನಮ್ಮ ಊರಿನ ತಳವಾರ ಚಾವಡಿಯಲ್ಲಿ ಒರಗಿರುವಂತೆ. ನಡೆದಾಗ ಎದೆ ಬಡಿತ ಏರಿ, ಅಡ್ರಿನಲಿನ್ ಹರಿದು, ಅವು ಎದ್ದು ರಕ್ತದೊಡನೆ ಗಸ್ತು ಹೊರಡುತ್ತವೆ. ಇಷ್ಟನ್ನೂ ಅವಳು ಕೇಳಿದಳು. ಹಿದುಕಿದ ಕಾಳು ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ ಬೀಳುತ್ತಲೇ ಇತ್ತು. “ತಳವಾರ ಎದ್ದು ಓಡಾಡ್ತಾನೆ ಅನ್ನಿ. ಕಳ್ಳನೂವೆ ಎದ್ದು ಓಡಾಡಕಿಲ್ವಾ? ರಕ್ತ ಜೋರಾಗಿ ಅರುದ್ರೆ ಆ ಹುಣ್ಣಿನ ಬೀಜ ಇನ್ನೊಂದ್ ಕಡೀಕೆ ಓಗಕಿಲ್ವಾ?” ಎಂದು ಕೇಳಿದಳು. ಮಗಳೇ, ಆ ಪ್ರಶ್ನೆಯನ್ನು ಹಾಗೆಯೇ ನಿನಗೆ ಬರೆದು ಕಳುಹಿಸಿದೆ. ನಿನ್ನ ಎರಡನೆಯ ಪತ್ರದಲ್ಲಿ, ಅದನ್ನು ಪ್ರಯೋಗಾಲಯಗಳೂ ಕೇಳಿಕೊಂಡಿವೆ, ಇಲಿ ತಾನಾಗಿ ಗಾಲಿ ಹತ್ತಿದರೆ ಹರಡುವುದು ಹೆಚ್ಚಾದದ್ದು ನಿಮಗೆ ಕಂಡಿಲ್ಲ, ಆದರೆ ಬೆದರಿಸಿ ಬಲವಂತದಿಂದ ಬೀಳುವ ತನಕ ಓಡಿಸಿದರೆ ಭಯದ ರಸ ಏರಿ ಹಂತಕ ಕೋಶಗಳೇ ಮಂಕಾಗುತ್ತವೆ ಎಂದು ಬರೆದೆ. ಅದನ್ನೂ ಓದಿ ಹೇಳಿದೆ. “ಇಲಿಗೆ ಹರಕೆ ಇಲ್ವಲ್ಲ” ಎಂದಷ್ಟೇ ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು.

ಅದೇ ವಾರ ನಮ್ಮ ಶಾಲೆಯ ಹಳೆಯ ಪಿ.ಟಿ. ಮೇಷ್ಟ್ರು ಕೆಂಪನಂಜಪ್ಪನವರು ಹನೂರಿನಿಂದ ಬಂದರು. ಅವರ ಕೈಯಲ್ಲಿಯೂ ಬ್ರೆಡ್ಡು. ನನ್ನ ಕಾಲುಗಳನ್ನು ನೋಡಿ, “ಏನ್ ಸಾ, ಸಂಧಿ ಸಮಾಸ ಮಾಡ್ಬೇಕು ಅಂತ ನನ್ನ ಪೀರಿಯಡ್ನೆಲ್ಲಾ ಇಸ್ಕಂಡ್ರಲ್ಲಾ, ಈಗ ನೋಡಿ, ಕಾಲು ನ್ಯಾಯ ಕೇಳ್ತಾವೆ” ಎಂದರು. ಪರೀಕ್ಷೆಯಲ್ಲಿ ಓಟಕ್ಕೆ ಅಂಕಗಳಿರಲಿಲ್ಲವಲ್ಲ ಎಂದು ನಾನು. “ಈಗ ಬಂದಿರದು ಅದೇ ಪರೀಕ್ಸೆ ಅಲ್ವಾ ಸಾ?” ಎಂದು ಅವರು. ನಿನ್ನ ತಾಯಿ ಕಾಫಿಗೆಂದು ಅಡಿಗೆಮನೆಗೆ ಹೋದ ಸಮಯ ನೋಡಿ ಅವರ ಭುಜ ಹಿಡಿದು ಎದ್ದು ನಿಂತೆ. ತೊಟ್ಟಿಯ ಒಂದು ಕಂಬದಿಂದ ಮುಂದಿನ ಕಂಬಕ್ಕೆ ತಲುಪಿದೆ. ಅದರ ಮುಂದಿನದನ್ನು ಹಿಡಿಯಲು ಹೋಗಿ ಮೊಣಕಾಲು ಮಡಚಿ ಬಿದ್ದೆ. ಹಿತ್ತಾಳೆ ಲೋಟಗಳು ಬಿದ್ದ ಸದ್ದೂ ಅವಳ ಕೂಗೂ ಒಟ್ಟಿಗೆ ಕೇಳಿಸಿದವು. ಹುಬ್ಬಿನ ಮೇಲೆ ಗಾಯವಾದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಮಲ್ಲಿ ಬಂದವನೇ ಮೂಲೆಯಲ್ಲಿದ್ದ ನನ್ನ ಊರುಗೋಲನ್ನು ಅಟ್ಟದ ಮೇಲಕ್ಕೆ ಎಸೆದು, “ಅಪ್ಪಾಜಿ, ನಮ್ಮ ಒಟ್ಟೆ ಉರುಸ್ಬೇಡಿ. ಸುಮ್ಕೆ ಮಲೀಕಳಿ” ಎಂದು ಮಂಚದ ಬಳಿ ಕಾವಲು ಕುಳಿತ. ಅವನ ಕಣ್ಣುಗಳಲ್ಲಿ ನೀರಿತ್ತು. ಕೋಪ ಮಾಡಿಕೊಳ್ಳುವವರ ಕೈಯಿಂದ ಬಿಡಿಸಿಕೊಳ್ಳಬಹುದು; ಅಳುವವರ ಕೈಯಿಂದ ಹೇಗೆ? ನಿನ್ನ ಪಂಜರಗಳಲ್ಲಿ ಗಾಲಿಯಿಲ್ಲದ್ದನ್ನು ನೆನೆದೆ. ಆ ಇಲಿಗೂ ಹೊತ್ತು ಹೊತ್ತಿಗೆ ಕಾಳು, ನೀರು, ಬೆಚ್ಚನೆಯ ಹಾಸು. ಕೊಡುವವರಲ್ಲಿ ಕ್ರೌರ್ಯವೇನೂ ಇಲ್ಲ.

ಆಮೇಲೆ ನಡೆದದ್ದನ್ನು ಈಗಲೂ ಪೂರ್ತಿಯಾಗಿ ವಿವರಿಸಲಾರೆ. ಒಂದು ಸೋಮವಾರ ಬೆಳಿಗ್ಗೆ ನಿನ್ನ ತಾಯಿ ಪೂಜೆ ಮುಗಿಸಿ, ವಿಭೂತಿ ಧರಿಸಿ ಬಂದಳು. ಆ ಬಟ್ಟೆಯ ಚೀಲದಿಂದ ನನ್ನ ಚಪ್ಪಲಿಗಳನ್ನು ತೆಗೆದು ಹೊಸ್ತಿಲಿನ ಆಚೆಗೆ, ಬೀದಿಗೆ ಮುಖ ಮಾಡಿ ಇಟ್ಟಳು. “ಏಳಿ. ನಡೀರಿ. ಮಾದಪ್ಪ ಒಪ್ಪವ್ನೆ” ಎಂದಳು. ಮಲ್ಲಿ, “ಅವ್ವಾ, ಹರಕೆ?” ಎಂದ. “ಅದು ನನಗೂ ಅವನಿಗೂ ಸೇರಿದ್ದು. ನೀನು ಕೋಲು ಇಳ್ಸು” ಎಂದು ಅವನ ಬಾಯಿ ಮುಚ್ಚಿಸಿದಳು. ನನ್ನ ಪಾಠ ಅಂತೂ ಫಲಿಸಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಕೊನೆಯ ಬೆಂಚಿನ ವಿದ್ಯಾರ್ಥಿ ಕೆಲವೊಮ್ಮೆ ಹೀಗೆಯೇ ತಡವಾಗಿ ತಲೆಯಾಡಿಸುವುದುಂಟು. ಮೊದಲು ತೊಟ್ಟಿಯ ಸುತ್ತ, ಕಂಬಗಳನ್ನು ಹಿಡಿದು, ಒಲೆಯ ಮೇಲಿನ ಹಾಲು ಉಕ್ಕುವ ತನಕ, ಆಮೇಲೆ ಮಲ್ಲಿಯ ತೋಳು ಹಿಡಿದು ಬೀದಿಯಲ್ಲಿ, ಆಮೇಲೆ ಅರಳಿಕಟ್ಟೆಗೆ. ಎಷ್ಟು ಸುತ್ತು ಹಾಕಿದೆನೆಂದು ಎಣಿಸಲು ಅವಳು ಬಿಡಲಿಲ್ಲ, ಎಣಿಸಿದರೆ ದೃಷ್ಟಿಯಾಗುತ್ತದಂತೆ. ಒಂದೊಂದು ದಿನ ನಡೆದೆ, ಒಂದೊಂದು ದಿನ ಗೋಡೆಗೆ ಒರಗಿ ನಿಂತು ಉಸಿರು ಹಿಡಿದೆ. ಒಳಗೆ ಆ ತಳವಾರರು ಎದ್ದರೋ ಇಲ್ಲವೋ ನಾನು ಕಾಣೆ. ಆ ಹೆಸರಿಲ್ಲದ ಆಯಾಸ ಮಾತ್ರ ಸ್ವಲ್ಪ ಸ್ವಲ್ಪವಾಗಿ ದಣಿವಾಗಿ ಮಾರ್ಪಟ್ಟಿತು. ರಾತ್ರಿ ನಿದ್ರೆ ಬರತೊಡಗಿತು.

ಕಳೆದ ಬುಧವಾರ ಮೈಸೂರಿಗೆ ಹೋದೆವು. ನಿನ್ನ ತಾಯಿ ಬರಲಿಲ್ಲ; ಎಮ್ಮೆ ಇವತ್ತೋ ನಾಳೆಯೋ ಎಂದಳು. ಹಿಂದಿನ ವಾರ ಯಳಂದೂರಿನಲ್ಲಿ ನನ್ನ ತಂಗಿ ರಾಚಮ್ಮನ ಮೊಮ್ಮಗುವಿನ ನಾಮಕರಣಕ್ಕೂ ಅದೇ ಎಮ್ಮೆಯ ಕಾರಣ ಹೇಳಿ ಹೋಗದೆ ಉಳಿದಳು, ರಾಚಮ್ಮ ಮುನಿಸಿಕೊಂಡಿದ್ದಾಳೆ. ಮಾದಣ್ಣ ಆಸ್ಪತ್ರೆಯ ಬಾಗಿಲಲ್ಲಿ ಕುರ್ಚಿ ತರಲೇ ಎಂದ, ಬೇಡವೆಂದೆ. ಉದ್ದನೆಯ ಆ ಮೊಗಸಾಲೆಯಲ್ಲಿ ನಡುವೆ ಒಮ್ಮೆ ಬೆಂಚಿನ ಮೇಲೆ ಕುಳಿತೆನೆಂಬುದನ್ನು ಮರೆಮಾಚುವುದಿಲ್ಲ. ವೈದ್ಯರ ಕೋಣೆಗೆ ನನ್ನ ಕಾಲುಗಳ ಮೇಲೆಯೇ ಹೋಗಿ, ನಿಂತುಕೊಂಡೇ ನಮಸ್ಕಾರ ಹೇಳಿದೆ. ಅವರು ಎದ್ದು ನಿಂತರು. ರಕ್ತಪರೀಕ್ಷೆ ಮಾಡಿಸಿ ಅಂದೇ ಸುತ್ತನ್ನು ಮುಂದುವರಿಸಿದರು. ನಾಲಿಗೆಗೆ ಕಬ್ಬಿಣದ ರುಚಿ ಬಂದಿದೆ, ವಾಕರಿಕೆ ಇದೆ. ನಿನ್ನೆ ಇಡೀ ದಿನ ತೊಟ್ಟಿಯನ್ನು ಒಮ್ಮೆ ಮಾತ್ರ ಸುತ್ತಿದೆ. ಇನ್ನೂ ಹಲವು ಸುತ್ತುಗಳಿವೆ, ಮಳೆಗಾಲ ಹಿಡಿಯಬಹುದು. ಬಿಡುಗಡೆಯಾಯಿತೆಂದು ಬರೆಯಲಾರೆ. ಪಂಜರಕ್ಕೆ ಒಂದು ಗಾಲಿಯನ್ನು ಇಟ್ಟುಕೊಟ್ಟಿದ್ದಾರೆ, ಅಷ್ಟೆ.

ನಿನ್ನ ಸಂಶೋಧನೆ ನಿರ್ವಿಘ್ನವಾಗಿ ಸಾಗಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಅಣ್ಣ ಕಳುಹಿಸುತ್ತಾನೆ. ನಿನ್ನ ಮಾರ್ಗದರ್ಶಕರಿಗೆ ನನ್ನ ವಂದನೆಗಳನ್ನೂ, ಗಾಲಿಯಿಲ್ಲದ ಆ ಇಲಿಗಳಿಗೆ ನನ್ನ ಅನುತಾಪವನ್ನೂ ತಿಳಿಸು.

ಸದಾ ನಿನ್ನ ಶ್ರೇಯಸ್ಸನ್ನು ಬಯಸುವ,
ನಿನ್ನ ತಂದೆ
ವೃಷಭೇಂದ್ರಪ್ಪ

ಮ.ವಿ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓರೆಯಾಗಿದ್ದರೆ ಕ್ಷಮಿಸು. ಎಮ್ಮೆ ಮೊನ್ನೆ ಈದಿತು. ಈಗ ತಾನೆ ಕರು ಹಗ್ಗದಿಂದ ತಲೆ ಬಿಡಿಸಿಕೊಂಡು ತೊಟ್ಟಿ ದಾಟಿ ಬೀದಿಗೆ ಇಳಿಯಿತು. ನಿನ್ನ ತಾಯಿ ಅದರ ಹಿಂದೆಯೇ ಓಡಿ ಬಂದವಳು ಹೊಸ್ತಿಲಿನಲ್ಲಿ ಗಕ್ಕನೆ ನಿಂತಳು. ಎರಡು ಕೈಗಳಿಂದಲೂ ಬಾಗಿಲುವಾಡವನ್ನು ಹಿಡಿದುಕೊಂಡು ಮಲ್ಲಿಯನ್ನು ಕೂಗಿದಳು, ಮಾದಣ್ಣನನ್ನು ಕೂಗಿದಳು, ಬೀದಿಯಲ್ಲಿ ಹೋಗುವವರನ್ನೆಲ್ಲ ಕೂಗಿದಳು. ಕರು ಕೈಗೆಟುಕುವಷ್ಟು ದೂರದಲ್ಲಿಯೇ ಇತ್ತು, ಕಾಲು ಆಚೆಗೆ ಇಡಲಿಲ್ಲ. ಕರುವನ್ನು ನಾನು ಹೋಗಿ ಹಿಡಿದು ತಂದೆ. ಏಕೆಂದು ಕೇಳಿದೆ. ಕರುವಿನ ಹಗ್ಗವನ್ನು ಬಿಗಿದು ಕಟ್ಟಿದಳು. “ಹರಕೆ ಮುರಿಯಂಗಿಲ್ಲ ಕಣ್ರಿ. ಬದ್ಲು ಹೊರಬೌದು. ಇವರ ಪಾದ ಬುಟ್ಟುಬುಡು, ಇವರು ಬೆಟ್ಟ ಹತ್ತೋಗಂಟ ನನ್ನ ಪಾದ ಇಟ್ಕೋ ಅಂತ ಅಂದೆ. ಅವನು ಹೂ ಕೊಟ್ಟ” ಎಂದಳು. ದೇವರ ತಲೆಯಿಂದ ಬಲಗಡೆಗೆ ಹೂ ಬಿದ್ದಿತಂತೆ. ಎಮ್ಮೆ ಬರಿಯ ನೆಪವಾಗಿತ್ತು. ತೋಟಕ್ಕೆ ಹೋಗಿಲ್ಲ, ಯಳಂದೂರಿಗೆ ಹೋಗಿಲ್ಲ, ಹೊಸ್ತಿಲ ಒಳಗಿನಿಂದಲೇ ನನ್ನ ಚಪ್ಪಲಿಯನ್ನು ಆಚೆಗಿಟ್ಟಿದ್ದಾಳೆ; ಪಾಠ ಮಾಡಿದ ನಾನು ಅದನ್ನು ಗಮನಿಸಲಿಲ್ಲ. ಅವಳ ಪಾದ ಊದಿದೆ, ಕೊಳ್ಳೇಗಾಲದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸೋಣವೆಂದರೆ ಬರುವಂತಿಲ್ಲ ಎನ್ನುತ್ತಾಳೆ. ಬಂದವರು ಇಟ್ಟುಹೋದ ಬ್ರೆಡ್ಡನ್ನು ಈಗ ತಿನ್ನುತ್ತಿರುವವಳೂ ಅವಳೇ. ನನ್ನ ಔಷಧಿ ಮುಗಿಯದೆ ಹೋದರೆ ಅವಳ ಗತಿಯೇನು ಎಂಬುದನ್ನು ಅವಳು ಯೋಚಿಸಿಲ್ಲ, ಅಥವಾ ಯೋಚಿಸಿಯೇ ಹೊತ್ತಿದ್ದಾಳೆ. ನಾನು ಹೇಳಿದರೆ ಪಾಠವಾಗುತ್ತದೆ, ಮಲ್ಲಿ ಹೇಳಿದರೆ ಜಗಳವಾಗುತ್ತದೆ. ನೀನು ಪತ್ರ ಕಂಡ ಕೂಡಲೆ ರಜೆ ಪಡೆದು ಹೊರಟು ಬಾ. ಸಕ್ಕರೆ ನೋಡುವ ಆ ಸಣ್ಣ ಯಂತ್ರವನ್ನು ಮನೆಗೇ ತಾ. ಹೊಸ್ತಿಲು ದಾಟಿಸಲು ಹೋಗಬೇಡ, ಬಲವಂತ ಮಾಡಬೇಡ, ಬಲವಂತದ ಓಟದ ಫಲವನ್ನು ನೀನೇ ಬರೆದಿದ್ದೀಯೆ. ಸಂಜೆಯ ಹೊತ್ತು ಸುಮ್ಮನೆ ಅವಳ ಕೈ ಹಿಡಿದು ತೊಟ್ಟಿಯ ಸುತ್ತ ನಡೆ. ನಾನು ಬೀದಿಯಲ್ಲಿ ನಡೆಯುತ್ತಿರುತ್ತೇನೆ. ಬೆಟ್ಟ ಹತ್ತುವಷ್ಟು ಕಾಲು ಬರಬೇಕು. ಪಂಜರವೂ ಗಾಲಿಯೂ ಅವೇ, ಮಗಳೇ, ಇಲಿ ಬದಲಾಗಿದೆ.